ಲೈಕುಗಳ ಲೆಕ್ಕ, ಓದುಗರ ಲೆಕ್ಕ

ನಮ್ಮ ಸಾರ್ವಜನಿಕ ಗ್ರಂಥಾಲಯಗಳ ಫೇಸ್‌ಬುಕ್ ಪುಟಗಳನ್ನು ಸ್ವಲ್ಪ ಹೊತ್ತು ನೋಡುತ್ತ ಹೋದರೆ ಒಂದೇ ಬಗೆಯ ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ವೇದಿಕೆಯ ಹಿಂದೆ ಫ್ಲೆಕ್ಸು, ಮುಂದೆ ದೀಪದ ಕಂಬ, ದೀಪ ಹಚ್ಚುತ್ತಿರುವ ಗಣ್ಯರು, ಪಕ್ಕದಲ್ಲಿ ಮೇಣದಬತ್ತಿ ಹಿಡಿದು ನಿಂತ ಸಿಬ್ಬಂದಿ. ನವೆಂಬರ್ 14ರಿಂದ 20ರವರೆಗೆ ನಡೆಯುವ ಗ್ರಂಥಾಲಯ ಸಪ್ತಾಹದಲ್ಲಂತೂ ಇಂಥ ಫೋಟೊಗಳ ಸುಗ್ಗಿ. ಸಪ್ತಾಹ ಮುಗಿದ ಮೇಲೆ ಹಬ್ಬಗಳ ಶುಭಾಶಯ, ಮಹನೀಯರ ಜಯಂತಿ, ಆಗೊಮ್ಮೆ ಈಗೊಮ್ಮೆ ಸುತ್ತೋಲೆಯ ಫೋಟೊ. ಯಾವುದೋ ಪೋಸ್ಟಿನ ಕೆಳಗೆ ಓದುಗರೊಬ್ಬರು ‘ಭಾನುವಾರ ತೆಗೆದಿರುತ್ತಾ ಸರ್?’ ಎಂದು ಕೇಳಿರುತ್ತಾರೆ. ಉತ್ತರ ಮಾತ್ರ ಇರುವುದಿಲ್ಲ.

ಗ್ರಂಥಾಲಯಗಳು ಸಾಮಾಜಿಕ ಜಾಲತಾಣಕ್ಕೆ ಬರಬೇಕು ಎಂಬ ಉಪದೇಶಕ್ಕೆ ಈಗ ಅರ್ಥ ಉಳಿದಿಲ್ಲ. ಎಲ್ಲರೂ ಬಂದಾಗಿದೆ. ಬಂದು ಮಾಡಿದ್ದೇನು, ಅದರಲ್ಲಿ ಓದುಗನಿಗೆ ದಕ್ಕಿದ್ದೆಷ್ಟು ಎಂದು ತೂಗಿ ನೋಡುವ ಕಾಲ ಇದು. ತೂಗುವುದಕ್ಕೆ ಒಂದು ಅಳತೆಗೋಲು ಬೇಕು. ಆ ಕೋಲನ್ನು ಹೊರಗಿನಿಂದ ತರಬೇಕಾಗಿಲ್ಲ. ಕೊನೆಯ ಒಂದು ದಶಕವನ್ನು ಬೆಂಗಳೂರಿನಲ್ಲೇ ಕಳೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಅದನ್ನು ಮಾಡಿಟ್ಟಿದ್ದಾರೆ. ಅವರ ಐದು ಸೂತ್ರಗಳ ಸಾರ ಇಷ್ಟೆ: ಪುಸ್ತಕ ಇರುವುದು ಬಳಸುವುದಕ್ಕೆ, ಓದುಗನಿಗೆ ತನ್ನ ಪುಸ್ತಕವೂ ಪುಸ್ತಕಕ್ಕೆ ತನ್ನ ಓದುಗನೂ ಸಿಗಬೇಕು, ಓದುಗನ ಹೊತ್ತು ಹಾಳಾಗಬಾರದು, ಗ್ರಂಥಾಲಯ ಬೆಳೆಯುತ್ತಲೇ ಇರಬೇಕು. ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೊರಟ ಸಂಚಾರಿ ಗ್ರಂಥಾಲಯ ಶುರುವಾಯಿತು. ಓದುಗ ಬರುವವರೆಗೆ ಕಾಯದೆ ಅವನಿದ್ದಲ್ಲಿಗೆ ಹೋಗುವುದು ಈ ವೃತ್ತಿಗೆ ಹಳೆಯ ಪಾಠವೇ. ಇಂದು ಓದುಗ ಇರುವುದು ಮೊಬೈಲಿನಲ್ಲಿ. ಹಾಗಾಗಿ ಅಲ್ಲಿಗೆ ಹೋಗುವುದು ಸರಿ. ಹೋದ ಗಾಡಿಯಲ್ಲಿ ಪುಸ್ತಕ ಇದೆಯೇ, ಬರೀ ಬ್ಯಾನರು ಇದೆಯೇ ಎಂಬುದಷ್ಟೇ ಪ್ರಶ್ನೆ.

ಈ ಅಳತೆಯಲ್ಲಿ ಗೆದ್ದ ಒಂದು ಪ್ರಯೋಗ ಜಾಲತಾಣಗಳು ಇನ್ನೂ ಎಳೆಯವಾಗಿದ್ದಾಗಲೇ ನಡೆದಿದೆ. 2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸಂಗ್ರಹದ ಸುಮಾರು 3,000 ಹಳೆಯ ಛಾಯಾಚಿತ್ರಗಳನ್ನು ಫ್ಲಿಕರ್ ಎಂಬ ಫೋಟೊ ತಾಣಕ್ಕೆ ಹಾಕಿತು. ಅದರಲ್ಲಿ ಅರ್ಧದಷ್ಟು ಜಾರ್ಜ್ ಗ್ರಂಥಮ್ ಬೇನ್ ಎಂಬವರ ಸುದ್ದಿಸಂಸ್ಥೆಯವು, 1910ರ ದಶಕದವು. ಗಾಜಿನ ನೆಗೆಟಿವಿನ ಅಂಚಿನಲ್ಲಿ ಗೀಚಿದ ಒಂದೆರಡು ಪದಗಳೇ ಆ ಚಿತ್ರಗಳ ವಿವರ. ಒಂದು ಉಪನಾಮ, ಇಲ್ಲವೆ ಒಂದು ಊರು. ಯಾರು, ಯಾವಾಗ, ಏಕೆ ಎಂಬುದಕ್ಕೆ ಗ್ರಂಥಪಾಲಕರ ಬಳಿಯೂ ಉತ್ತರವಿರಲಿಲ್ಲ. ಉತ್ತರ ಬಂದದ್ದು ನೋಡುಗರಿಂದ. ಒಬ್ಬರು ಹಳೆಯ ಪತ್ರಿಕೆಗಳನ್ನು ಜಾಲಾಡಿ ಚಿತ್ರದಲ್ಲಿರುವ ಘಟನೆಯ ದಿನಾಂಕ ಕೊಟ್ಟರು. ಇನ್ನೊಬ್ಬರು ಬೀದಿಯ ಗುರುತು ಹಿಡಿದರು. ಮತ್ತೊಬ್ಬರು ಅದೇ ಜಾಗದ ಇಂದಿನ ಫೋಟೊ ಲಗತ್ತಿಸಿದರು. ಹತ್ತು ತಿಂಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಟಿಪ್ಪಣಿಗಳು, ಸುಮಾರು 67,000 ಗುರುತುಪದಗಳು ಸೇರಿಕೊಂಡವು.

ಸಂಖ್ಯೆಗಿಂತ ಮುಖ್ಯವಾದದ್ದು ಗ್ರಂಥಾಲಯ ಆಮೇಲೆ ಮಾಡಿದ ಕೆಲಸ. ಸಿಬ್ಬಂದಿ ಆ ಟಿಪ್ಪಣಿಗಳನ್ನು ಓದಿದರು, ಹೇಳಿದ್ದು ನಿಜವೇ ಎಂದು ಪರೀಕ್ಷಿಸಿದರು, ಸರಿ ಎನಿಸಿದ್ದನ್ನು ತಮ್ಮ ಮೂಲ ಕ್ಯಾಟಲಾಗಿಗೆ ಸೇರಿಸಿದರು. ಹೀಗೆ ಐನೂರಕ್ಕೂ ಹೆಚ್ಚು ದಾಖಲೆಗಳು ತಿದ್ದುಪಡಿಯಾದವು. ಮಾಹಿತಿ ಎಲ್ಲಿಂದ ಬಂತೆಂದು ಅದರ ಜೊತೆಗೇ ನಮೂದಿಸಿದರು. ಅಂದರೆ ಎಲ್ಲೋ ಕೂತ ಒಬ್ಬ ಸಾಮಾನ್ಯ ನೋಡುಗನ ಮಾತು ರಾಷ್ಟ್ರೀಯ ಗ್ರಂಥಾಲಯದ ದಾಖಲೆಯಾಯಿತು. ಜಾಲತಾಣದಿಂದ ಗ್ರಂಥಾಲಯಕ್ಕೆ ಆಗಬಹುದಾದ ದೊಡ್ಡ ಲಾಭ ಇದೇ ಎಂದು ನನ್ನ ಎಣಿಕೆ. ಮಾತು ಎರಡೂ ಕಡೆ ಹರಿಯಬೇಕು, ಓದುಗ ಹೇಳಿದ್ದು ಕಪಾಟಿಗೋ ಕ್ಯಾಟಲಾಗಿಗೋ ಬಂದು ಮುಟ್ಟಬೇಕು. ಅದಾಗದಿದ್ದರೆ ಲಕ್ಷ ಲೈಕು ಬಂದರೂ ಗ್ರಂಥಾಲಯದಲ್ಲಿ ಏನೂ ಬದಲಾಗಿರುವುದಿಲ್ಲ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಗ್ರಂಥಾಲಯದ್ದು ಬೇರೆ ದಾರಿ. ಕರ್ಕ್‌ವಾಲ್ ಪಟ್ಟಣದಲ್ಲಿರುವ ಅದರ ಬೇರು 1683ರಷ್ಟು ಹಿಂದಿನದು. ದ್ವೀಪಗಳ ಜನಸಂಖ್ಯೆ ಸುಮಾರು 22,000. ಗ್ರಂಥಾಲಯದ ಟ್ವಿಟರ್ (ಈಗ ಎಕ್ಸ್) ಖಾತೆಯನ್ನು ಹಿಂಬಾಲಿಸುವವರು ಅದಕ್ಕಿಂತ ಎಷ್ಟೋ ಹೆಚ್ಚು. ದೊಡ್ಡ ಬಜೆಟ್ಟು, ಜಾಹೀರಾತು ಸಂಸ್ಥೆ ಯಾವುದೂ ಇಲ್ಲದೆ ಇದು ಸಾಧ್ಯವಾದದ್ದು ಹಾಸ್ಯಪ್ರಜ್ಞೆಯಿಂದ. ಪಕ್ಕದ ಶೆಟ್‌ಲೆಂಡ್ ದ್ವೀಪದ ಗ್ರಂಥಾಲಯದೊಡನೆ ಹುಸಿಜಗಳ ತೆಗೆಯುವುದು, ಹೊಸ ಪುಸ್ತಕದ ಹೆಸರಿಟ್ಟುಕೊಂಡು ಸಿಬ್ಬಂದಿ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವುದು, ಓದುಗ ಕೆಣಕಿದರೆ ಅಷ್ಟೇ ಚುರುಕಾಗಿ ಮರುಮಾತು ಕೊಡುವುದು. ಈ ಹರಟೆಗೆ ಮನಸೋತ ಜೆ. ಕೆ. ರೌಲಿಂಗ್ ಒಂದು ಸಲ ಅಲ್ಲಿಯ ಓದುಗರ ಬಳಗಕ್ಕೇ ಬಂದು ಕೂತರು.

ಆರ್ಕ್ನಿಯಿಂದ ಕಲಿಯಬೇಕಾದದ್ದು ದನಿಯನ್ನು. ಅಲ್ಲಿ ಮಾತಾಡುವುದು ಇಲಾಖೆಯಲ್ಲ, ಕೌಂಟರಿನ ಆಚೆ ಕೂತ ಮನುಷ್ಯರು. ‘ಸಾರ್ವಜನಿಕರ ಅವಗಾಹನೆಗೆ ತರಬಯಸುವುದೇನೆಂದರೆ’ ಎಂದು ಶುರುವಾಗುವ ನಮ್ಮ ಪ್ರಕಟಣೆಗಳನ್ನು ಅದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಹೇಳಬೇಕಾಗಿಲ್ಲ. ಆದರೂ ಈ ಮಾದರಿಗೆ ಒಂದು ಮಿತಿಯಿದೆ. ಹಿಂಬಾಲಿಸುವವರಲ್ಲಿ ಬಹುಪಾಲು ಜನ ಆ ದ್ವೀಪಕ್ಕೆ ಕಾಲಿಟ್ಟವರೇ ಅಲ್ಲ, ಅವರು ಅಲ್ಲಿಂದ ಪುಸ್ತಕ ಎರವಲು ಪಡೆಯುವುದಿಲ್ಲ. ಕೀರ್ತಿ ಬಂತು ಸರಿ, ಅದು ಕರ್ಕ್‌ವಾಲಿನ ಓದುಗನಿಗೆ ಎಷ್ಟು ತಲುಪಿತು ಎಂಬುದು ಬೇರೆಯೇ ಲೆಕ್ಕ. ಒಂದು ಮಾತನ್ನು ಮಾತ್ರ ಒಪ್ಪಬೇಕು: ಗ್ರಂಥಾಲಯ ಎಂದರೆ ‘ಸದ್ದು’ ಎಂದು ಗದರುವ ಜಾಗ ಎಂಬ ಭಯವನ್ನು ಅದು ಹೋಗಲಾಡಿಸಿತು. ಒಳಗೆ ಬರಲು ಹಿಂಜರಿಯುವವನಿಗೆ ಅದೂ ಸಣ್ಣ ಉಪಕಾರವಲ್ಲ.

ಮೂರನೆಯದು ಹೆಚ್ಚು ಹೊಗಳಿಸಿಕೊಂಡ ಪ್ರಯೋಗ. 2018ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ‘ಇನ್‌ಸ್ಟಾ ನಾವೆಲ್ಸ್’ ಎಂಬ ಹೆಸರಿನಲ್ಲಿ ಇನ್‌ಸ್ಟಾಗ್ರಾಮ್ ಸ್ಟೋರಿಗಳಲ್ಲೇ ಇಡೀ ಪುಸ್ತಕ ಓದಿಸಲು ಹೊರಟಿತು. ಮೊದಲು ಬಂದದ್ದು ‘ಆಲಿಸ್ ಇನ್ ವಂಡರ್‌ಲ್ಯಾಂಡ್’. ಆಮೇಲೆ ಕಾಫ್ಕಾನ ‘ಮೆಟಮಾರ್ಫಸಿಸ್’ ಮೊದಲಾದವು. ಸ್ಟೋರಿ ತಾನಾಗಿಯೇ ಮುಂದೆ ಓಡುವಂಥದ್ದು. ಅದನ್ನು ನಿಲ್ಲಿಸಿ ಓದುವುದು ಹೇಗೆ? ಪುಟದ ಕೆಳಮೂಲೆಯಲ್ಲಿ ಹೆಬ್ಬೆರಳಿಗೆ ಒಂದು ಜಾಗ ಬಿಟ್ಟರು. ಬೆರಳು ಒತ್ತಿ ಹಿಡಿದರೆ ಪುಟ ನಿಲ್ಲುತ್ತದೆ, ತೆಗೆದರೆ ಮಗುಚುತ್ತದೆ. ಕಣ್ಣಿಗೆ ಹಿತವಾದ ಮಾಸಲು ಬಿಳಿ ಹಿನ್ನೆಲೆ, ಪುಸ್ತಕದಂಥದೇ ಅಕ್ಷರ. ನಿಜವಾದ ಪುಸ್ತಕ ಹಿಡಿಯುವಾಗಲೂ ಹೆಬ್ಬೆರಳು ಅಲ್ಲೇ ಇರುತ್ತದೆ ಎಂಬುದನ್ನು ಗಮನಿಸಿದ ಜಾಣ್ಮೆ ಮೆಚ್ಚತಕ್ಕದ್ದು. ಮೂರು ಲಕ್ಷಕ್ಕೂ ಹೆಚ್ಚು ಜನ ಹೀಗೆ ಓದಿದರೆಂದು ಗ್ರಂಥಾಲಯ ಹೇಳಿದೆ.

ನನ್ನ ಮೆಚ್ಚುಗೆ ಇಲ್ಲಿ ಅರ್ಧ. ಓಡಿಸಿಕೊಂಡು ಹೋಗುವುದೇ ಸ್ವಭಾವವಾದ ಜಾಗದಲ್ಲಿ ನಿಂತು ಓದುವಂತೆ ಮಾಡಿದ್ದು ದೊಡ್ಡದು. ಆದರೆ ಇದರ ಹಿಂದೆ ಒಂದು ಜಾಹೀರಾತು ಸಂಸ್ಥೆಯ ಕೈಚಳಕವಿತ್ತು, ಚಿತ್ರಕಾರರ ದುಡಿಮೆಯಿತ್ತು. ಬೆರಳೆಣಿಕೆಯ ಪುಸ್ತಕಗಳಾಚೆ ಅದು ಹೋಗಲಿಲ್ಲ. ಓದುಗ ಓದಿದ, ಸರಿ; ‘ಇಂಥದೇ ಇನ್ನೊಂದು ಪುಸ್ತಕ ಕೊಡಿ’ ಎಂದು ಕೇಳಲು ಆ ಪುಟದಲ್ಲಿ ಯಾರೂ ಕೂತಿರಲಿಲ್ಲ. ಪ್ರದರ್ಶನಕ್ಕೆ ಚೆಂದ, ದಿನದ ಬಳಕೆಗೆ ಕಷ್ಟ.

ಈಗ ನಮ್ಮ ಮನೆಯ ಸಂಗತಿಗೆ ಬರೋಣ. ಕರ್ನಾಟಕದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿಸುವ ‘ಓದುವ ಬೆಳಕು’ ಶುರುವಾಯಿತು. ಈಗ ಇವುಗಳ ಹೆಸರು ಅರಿವು ಕೇಂದ್ರ. ಈ ಬದಲಾವಣೆ ರಾಜ್ಯದ ಹೊರಗೂ ಗೊತ್ತಾಗುವುದಕ್ಕೆ ಇಲಾಖೆಯ ಹೊಣೆ ಹೊತ್ತಿದ್ದ ಐಎಎಸ್ ಅಧಿಕಾರಿ ಉಮಾ ಮಹದೇವನ್ ಅವರ ಟ್ವಿಟರ್ ಖಾತೆ ಬಹುಮಟ್ಟಿಗೆ ಕಾರಣ. ಬಣ್ಣ ಬಳಿದ ಗೋಡೆ, ನೆಲದ ಮೇಲೆ ಕೂತು ಓದುವ ಮಕ್ಕಳು, ಚೆಸ್ ಮಣೆ, ಹಳೆ ಕಟ್ಟಡ ಹೊಸದಾದ ಬಗೆ, ಹೀಗೆ ಒಂದೊಂದು ಹಳ್ಳಿಯ ಗ್ರಂಥಾಲಯವನ್ನೂ ಹೆಸರು ಹೇಳಿ ಅವರು ತೋರಿಸಿದರು. ದೀಪದ ಕಂಬದ ಜಾಗದಲ್ಲಿ ಓದುವ ಮಗು ಬಂದದ್ದೇ ನಮ್ಮ ಸರ್ಕಾರಿ ಜಾಲತಾಣದ ಮಟ್ಟಿಗೆ ದೊಡ್ಡ ತಿರುವು. ಯಾವುದೋ ಮೂಲೆಯ ಮೇಲ್ವಿಚಾರಕರ ಕೆಲಸ ರಾಜಧಾನಿಯ ಕಣ್ಣಿಗೆ ಬಿದ್ದರೆ ಅವರಿಗೆ ಸಿಗುವ ಹುರುಪು ಯಾವ ಸುತ್ತೋಲೆಯಿಂದಲೂ ಸಿಗದು.

ಹಾಗೆಂದು ಇದರ ಕೊರತೆಯನ್ನೂ ಹೇಳದಿರಲಾಗದು. ಆ ಖಾತೆಯ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಓದುವವರು ಹೆಚ್ಚಾಗಿ ನಗರದವರು. ಫೋಟೊದಲ್ಲಿರುವ ಮಗುವಿನ ತಾಯಿ ಟ್ವಿಟರಿನಲ್ಲಿ ಇರುವ ಸಂಭವ ಕಡಿಮೆ. ಇದು ಗ್ರಂಥಾಲಯದ ಬಗ್ಗೆ ಲೋಕಕ್ಕೆ ಹೇಳಿದ ಮಾತು. ಗ್ರಂಥಾಲಯ ತನ್ನ ಓದುಗನೊಡನೆ ಆಡಿದ ಮಾತಲ್ಲ. ಜೊತೆಗೆ ಒಬ್ಬ ಅಧಿಕಾರಿಯ ಆಸ್ಥೆಯ ಮೇಲೆ ನಿಂತದ್ದು ಅವರ ವರ್ಗಾವಣೆಯೊಡನೆ ಸೊರಗುವ ಅಪಾಯ ಇದ್ದೇ ಇದೆ. ಅದು ಪಂಚಾಯಿತಿಯ ಸ್ವಂತ ಅಭ್ಯಾಸವಾಗಬೇಕು.

ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯದ್ದು ಇನ್ನೊಂದು ಕತೆ. 2020ರ ಫೆಬ್ರುವರಿಯಲ್ಲಿ ಬಂದ ಈ ಆ್ಯಪ್ ಲಾಕ್‌ಡೌನ್ ಕಾಲದಲ್ಲಿ ಬಹಳ ಮಂದಿಯ ಕೈ ಸೇರಿತು, ನೋಂದಣಿ ಕೋಟಿಗಳ ಲೆಕ್ಕಕ್ಕೆ ಏರಿತು. ಆದರೆ ಪ್ರಚಾರದ ಪೋಸ್ಟರುಗಳಲ್ಲಿ ಎದ್ದು ಕಾಣುವುದು ಆ ನೋಂದಣಿಯ ಸಂಖ್ಯೆಯೇ. ಯಾವ ಪುಸ್ತಕ ಹೆಚ್ಚು ಓದಿಸಿಕೊಂಡಿತು, ಯಾವ ಜಿಲ್ಲೆಯವರು ಏನು ಹುಡುಕಿದರು, ಹುಡುಕಿ ಸಿಗದೆ ಹೋದ ಪುಸ್ತಕಗಳು ಯಾವುವು ಎಂದು ತಿಂಗಳಿಗೊಮ್ಮೆ ಒಂದು ಪೋಸ್ಟ್ ಹಾಕಿದ್ದರೆ ಅದೇ ಒಳ್ಳೆಯ ಪ್ರಚಾರವಾಗುತ್ತಿತ್ತು. ಹೆಸರು ನೋಂದಾಯಿಸಿದವರೆಲ್ಲ ಓದುಗರಲ್ಲ ಎಂಬುದು ಹಳೆಯ ಹಾಜರಿ ಪುಸ್ತಕದ ಕಾಲದಿಂದಲೂ ಗ್ರಂಥಪಾಲಕರಿಗೆ ಗೊತ್ತಿರುವ ಸತ್ಯ.

ಜಾಲತಾಣ ಯಾವುದಕ್ಕೆ ಮಿಡಿಯುತ್ತದೆ, ಯಾವುದಕ್ಕೆ ಮಿಡಿಯುವುದಿಲ್ಲ ಎಂಬುದಕ್ಕೆ ಮೈಸೂರಿನ ಒಂದು ಪ್ರಸಂಗ ಸಾಕು. ಕೂಲಿ ಕೆಲಸದ ಸೈಯದ್ ಇಸಾಕ್ ರಾಜೀವನಗರದಲ್ಲಿ ವರ್ಷಗಳಿಂದ ನಡೆಸುತ್ತಿದ್ದ ಉಚಿತ ಗ್ರಂಥಾಲಯ 2021ರ ಏಪ್ರಿಲಿನಲ್ಲಿ ಬೆಂಕಿಗೆ ಬಲಿಯಾಯಿತು. ಸುಮಾರು 11,000 ಪುಸ್ತಕಗಳು ಬೂದಿಯಾದವು. ಸುದ್ದಿ ಹರಡಿದ್ದೇ ತಡ, ಆನ್‌ಲೈನ್ ದೇಣಿಗೆ ಕೆಲವೇ ದಿನಗಳಲ್ಲಿ ಇಪ್ಪತ್ತು ಲಕ್ಷ ದಾಟಿತು. ಜನರ ಔದಾರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಕಿ ಬೀಳುವ ಹಿಂದಿನ ದಿನದವರೆಗೆ ಆ ಗ್ರಂಥಾಲಯ ಇದೆಯೆಂದು ದೇಣಿಗೆ ಕೊಟ್ಟವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಅವಘಡಕ್ಕೆ ಓಡಿಬರುವ ಜಾಲತಾಣವನ್ನು ದಿನನಿತ್ಯದ ಓದಿಗೆ ಎಳೆದು ತರುವುದೇ ಗ್ರಂಥಪಾಲಕರ ಮುಂದಿರುವ ಕಷ್ಟದ ಕೆಲಸ.

ಅದಕ್ಕೆ ಇಲ್ಲಿ ಒಗ್ಗುವ ದಾರಿ ಯಾವುದು? ಮೊದಲನೆಯದಾಗಿ, ಜನ ಇರುವುದು ವಾಟ್ಸ್‌ಆ್ಯಪಿನಲ್ಲಿ. ಆದರೆ ಗ್ರಂಥಾಲಯಕ್ಕೊಂದು ಗ್ರೂಪ್ ಮಾಡಿ ಎಲ್ಲರನ್ನೂ ಸೇರಿಸಿದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹುಡುಗಿಯರು, ಗೃಹಿಣಿಯರು ಅಲ್ಲಿಂದ ಜಾರಿಕೊಳ್ಳುವುದು ಸಹಜ. ಉಳಿದವರಿಗೆ ಶುಭೋದಯದ ಚಿತ್ರಗಳೂ ರಾಜಕೀಯದ ಜಗಳಗಳೂ ಗತಿ. ಅದರ ಬದಲು ಹೊಸ ಪುಸ್ತಕ, ಸಮಯ, ಕಾರ್ಯಕ್ರಮದ ಸುದ್ದಿಗೆ ಚಾನೆಲ್ ಮಾಡಿದರೆ ಸದಸ್ಯರ ನಂಬರು ಒಬ್ಬರದು ಒಬ್ಬರಿಗೆ ಕಾಣದು. ಕೇಳುವುದಕ್ಕೆ ಗ್ರಂಥಾಲಯದ್ದೇ ಒಂದು ಸಿಮ್, ಒಂದು ನಂಬರು. ‘ಈ ಪುಸ್ತಕ ಇದೆಯಾ, ಸಂಜೆ ಬಂದರೆ ಸಿಗುತ್ತಾ’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕರೆ ಬಸ್ ಚಾರ್ಜು ಹಾಕಿಕೊಂಡು ಬಂದು ಬರಿಗೈಯಲ್ಲಿ ಹೋಗುವುದು ತಪ್ಪುತ್ತದೆ. ಓದುಗನ ಹೊತ್ತು ಉಳಿಸಬೇಕೆಂಬ ರಂಗನಾಥನ್ ಸೂತ್ರಕ್ಕೆ ಇದಕ್ಕಿಂತ ಸರಳ ಜಾರಿ ಇಲ್ಲ.

ಎರಡನೆಯದು, ಬರೆಯುವ ರೀತಿ. ಸುತ್ತೋಲೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಹಾಕಿದರೆ ಅದು ಹುಡುಕಿದಾಗ ಸಿಗುವುದಿಲ್ಲ, ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರಿಗೂ ಅದನ್ನು ಓದುವುದು ಕಷ್ಟ. ಯೂನಿಕೋಡ್ ಕನ್ನಡದಲ್ಲಿ ನಾಲ್ಕು ಸಾಲು ಟೈಪಿಸಿದರೆ ಎರಡೂ ತೊಂದರೆ ಇಲ್ಲ. ಪುಸ್ತಕದ ರಕ್ಷಾಪುಟದ ಫೋಟೊ, ಜೊತೆಗೆ ಅದು ಯಾರಿಗೆ ಹಿಡಿಸಬಹುದು ಎಂಬ ಎರಡು ಸಾಲು, ಕಪಾಟಿನ ಗುರುತು. ವಾರಕ್ಕೆ ಎರಡು ಬಾರಿ ಇಷ್ಟು ಮಾಡಿದರೂ ಧೂಳು ಹಿಡಿದ ಪುಸ್ತಕಗಳಿಗೆ ಓದುಗರು ಸಿಗುತ್ತಾರೆ.

ಮೂರನೆಯದು, ಹಂಚಬಹುದಾದ ಸರಕು. ಪರೀಕ್ಷೆಗೆ ಓದುವ ಹುಡುಗರು ಕೇಳುವ ಮೊದಲ ಪ್ರಶ್ನೆಯೇ ‘ಪಿಡಿಎಫ್ ಇದೆಯಾ?’ ಟೆಲಿಗ್ರಾಮಿನಲ್ಲಿ ಕದ್ದ ಪಿಡಿಎಫ್‌ಗಳ ರಾಶಿ ಹರಿದಾಡುತ್ತಿದೆ. ಗ್ರಂಥಾಲಯ ಆ ಸಾಲಿಗೆ ಸೇರಬಾರದು, ಸೇರಬೇಕಾದ ಅಗತ್ಯವೂ ಇಲ್ಲ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಅರವತ್ತು ವರ್ಷಗಳ ಬಳಿಕ ಕೃತಿ ಎಲ್ಲರದೂ ಆಗುತ್ತದೆ. 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕತೆಗಳು, 1963ರಲ್ಲಿ ತೀರಿಕೊಂಡ ಎಂ. ಗೋವಿಂದ ಪೈಗಳ ಬರಹ ಈಗ ಯಾರ ಅನುಮತಿಯೂ ಇಲ್ಲದೆ ಹಂಚಬಹುದಾದವು. ನ್ಯೂಯಾರ್ಕಿನವರು ಆಲಿಸಳಿಗೆ ಮಾಡಿದ್ದನ್ನು ಮಂಗಳೂರಿನ ಒಂದು ಗ್ರಂಥಾಲಯ ಇಂದಿರಾಬಾಯಿಗೆ, ದಿನಕ್ಕೊಂದು ಪುಟದಂತೆ, ಮಾಡಬಹುದು. ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕತೆಗಳಿವೆ. ಕುವೆಂಪು, ಬೇಂದ್ರೆಯವರ ಕೃತಿಗಳಿಗೆ ಮಾತ್ರ ಇನ್ನೂ ಹಕ್ಕುಸ್ವಾಮ್ಯವಿದೆ. ಅವರ ಪುಸ್ತಕ ತೋರಿಸಬಹುದು, ಪುಸ್ತಕವನ್ನೇ ಸುರಿಯುವಂತಿಲ್ಲ.

ನಾಲ್ಕನೆಯದು ಎಚ್ಚರಿಕೆಯ ಮಾತು. ಓದುತ್ತ ಕೂತ ಮಗುವಿನ ಮುಖ ಚೆಂದ ಕಾಣುತ್ತದೆ ನಿಜ. ಮಗುವಿನ ಹೆಸರು, ಶಾಲೆ, ಊರು ಸಮೇತ ಅದನ್ನು ಲೋಕಕ್ಕೆ ಹಂಚುವ ಮುನ್ನ ತಂದೆತಾಯಿಯನ್ನು ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಮುಖ್ಯವೆಂದು ಎಣಿಸಿದೆ. ದೊಡ್ಡವರ ವಿಷಯದಲ್ಲೂ ಅಷ್ಟೆ: ಯಾರು ಯಾವ ಪುಸ್ತಕ ಒಯ್ದರು ಎಂಬುದು ಓದುಗ ಮತ್ತು ಗ್ರಂಥಾಲಯದ ನಡುವಿನ ಗುಟ್ಟು. ‘ಈ ತಿಂಗಳ ಉತ್ತಮ ಓದುಗ’ ಎಂದು ಹೆಸರು ಹಾಕುವ ಉತ್ಸಾಹಕ್ಕೂ ಒಪ್ಪಿಗೆಯ ಕಡಿವಾಣ ಬೇಕು.

ಇನ್ನು ತಾಣಗಳ ಆಯುಸ್ಸು. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. 2020ರ ಜೂನಿನಲ್ಲಿ ಟಿಕ್‌ಟಾಕ್ ಭಾರತದಲ್ಲಿ ನಿಷೇಧವಾಯಿತು. 2010ರಲ್ಲಿ ಎಲ್ಲ ಟ್ವೀಟುಗಳನ್ನೂ ಸಂಗ್ರಹಿಸುತ್ತೇನೆಂದು ಹೊರಟ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ 2017ರ ಕೊನೆಗೆ ಕೈಚೆಲ್ಲಿ ಆಯ್ದವನ್ನಷ್ಟೇ ಇಟ್ಟುಕೊಳ್ಳುವುದಾಗಿ ಹೇಳಿತು. ಹಾಗಾಗಿ ಜಾಲತಾಣಕ್ಕೆಂದು ಬರೆದ ಪುಸ್ತಕ ಪರಿಚಯ, ಊರಿನ ಹಳೆಯ ಫೋಟೊ, ಹಿರಿಯರಿಂದ ಬಂದ ಮಾಹಿತಿ ಎಲ್ಲದರ ಒಂದೊಂದು ಪ್ರತಿ ಗ್ರಂಥಾಲಯದ ಸ್ವಂತ ಕಂಪ್ಯೂಟರಿನಲ್ಲಿ ಇರಲೇಬೇಕು. ಕಾಪಿಡುವುದೇ ಕಸುಬಾದವರಿಗೆ ಇದನ್ನು ನೆನಪಿಸಬೇಕಾಗಿ ಬಂದದ್ದು ವಿಚಿತ್ರ.

ಇಷ್ಟೆಲ್ಲ ಮಾಡುವವರು ಯಾರು ಎಂಬ ಆಕ್ಷೇಪ ನ್ಯಾಯವಾದದ್ದು. ಒಬ್ಬರೇ ಮೇಲ್ವಿಚಾರಕರು ಬಾಗಿಲು ತೆಗೆದು, ಕಸ ಗುಡಿಸಿ, ಪತ್ರಿಕೆ ಜೋಡಿಸಿ, ಮಕ್ಕಳನ್ನು ಕೂರಿಸಿ, ವರದಿ ಬರೆದು, ಮೇಲೆ ರೀಲ್ಸೂ ಮಾಡಲಿ ಎನ್ನುವುದು ಕ್ರೌರ್ಯ. ಮೇಲಧಿಕಾರಿಗಳಿಗೆ ಕಳಿಸಲೆಂದು ದಿನವೂ ಫೋಟೊ ತೆಗೆಯುವ ಹೊತ್ತನ್ನು ಉಳಿಸಿ ಅದನ್ನೇ ಓದುಗರ ಪ್ರಶ್ನೆಗಳಿಗೆ ಕೊಟ್ಟರೆ ಸಾಕು. ಹೊಸ ಹೊರೆ ಬೇಕಾಗಿಲ್ಲ. ನನ್ನ ತೀರ್ಪು ಇದು: ಪೋಸ್ಟು ಕಡಿಮೆಯಾಗಲಿ, ಉತ್ತರ ಹೆಚ್ಚಾಗಲಿ. ವರ್ಷದ ಕೊನೆಗೆ ಎಷ್ಟು ಲೈಕು ಬಂತೆಂದು ವರದಿ ಬರೆಯುವ ಬದಲು ಎಷ್ಟು ಪ್ರಶ್ನೆ ಬಂತು, ಎಷ್ಟಕ್ಕೆ ಉತ್ತರ ಕೊಟ್ಟೆವು, ಓದುಗರು ಕೇಳಿದ್ದರಿಂದ ಎಷ್ಟು ಪುಸ್ತಕ ಕೊಂಡೆವು ಎಂದು ಬರೆಯಲಿ.

ಓದುಗರ ಪಾಲೂ ಇದರಲ್ಲಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲು ಮಾಡುತ್ತವೆ. ವಸೂಲಾದ ಹಣ ಗ್ರಂಥಾಲಯಕ್ಕೆ ಪೂರ್ತಿ ತಲುಪದೆ ಬಾಕಿ ಉಳಿಯುವುದು ಹಳೆಯ ದೂರು. ನಿಮ್ಮ ತೆರಿಗೆ ರಸೀದಿ ತೆಗೆದು ಆ ಕರದ ಸಾಲನ್ನು ನೋಡಿ. ಹಣ ಕೊಟ್ಟವರು ನೀವು. ನಿಮ್ಮ ಊರಿನ ಗ್ರಂಥಾಲಯದ ಪುಟಕ್ಕೋ ನಂಬರಿಗೋ ಬೇಕಾದ ಪುಸ್ತಕದ ಹೆಸರು ಬರೆದು ಕಳಿಸಿ, ಉತ್ತರ ಬರುವವರೆಗೂ ಕೇಳುತ್ತಿರಿ.